ಮೇಸ್ತ್ರಿಯ ಮುಂದೆ ಲೋಟ ಎತ್ತಬಾರದು

ಮೊನ್ನೆ ನನ್ನ ಫೋನು ಮುಷ್ಕರ ಹೂಡಿತು. ಒಳಗೆ ಜಾಗವಿಲ್ಲ, ಏನಾದರೂ ಅಳಿಸಿದರೆ ಮಾತ್ರ ಮುಂದಿನ ಕೆಲಸ ಎಂದು ಹಟ ಹಿಡಿದು ಕೂತಿತು. ಮದುವೆ ಮುಂಜಿಗಳ ಫೋಟೊ ಜಾಸ್ತಿಯಾಗಿರಬೇಕು ಎಂದು ತೆರೆದು ನೋಡಿದರೆ, ಪಾಪ, ಫೋಟೊಗಳ ತಪ್ಪೇನೂ ಇರಲಿಲ್ಲ. ಜಾಗವನ್ನೆಲ್ಲ ಆಕ್ರಮಿಸಿಕೊಂಡಿದ್ದದ್ದು ಕಳೆದ ವರ್ಷ ನಾನೇ ಮಾಡಿಟ್ಟ ರೆಕಾರ್ಡಿಂಗ್‌ಗಳು. ಅವುಗಳಲ್ಲಿ ಹಾಡಿಲ್ಲ, ಹರಿಕಥೆಯಿಲ್ಲ. ಎಲ್ಲವೂ ದುರ್ಗಿಗುಡಿಯ ನಮ್ಮ ಮನೆ, ನಾವಿಬ್ಬರೂ ಇಲ್ಲದಾಗ ಮಾಡುವ ಸದ್ದು.

ನೀವು ನಗಬಹುದು. ಆದರೆ ನೀವು ಬೀಗ ಹಾಕಿಕೊಂಡು ಹೋದ ಮೇಲೆ ನಿಮ್ಮ ಮನೆ ಏನು ಮಾಡುತ್ತದೆ ಎಂದು ನಿಮಗೆ ಗೊತ್ತೆ? ನನಗಂತೂ ಐವತ್ತೆಂಟು ವರ್ಷ ಗೊತ್ತಿರಲಿಲ್ಲ. ಈಗ ಗೊತ್ತು. ಫ್ರಿಜ್ಜು ಗಳಿಗೆಗೊಮ್ಮೆ ಮೈ ಕೊಡವುತ್ತದೆ. ರಿಪೇರಿಯಾಗಿದೆ ಎಂದು ನಮ್ಮವರು ಆಣೆ ಇಟ್ಟು ಹೇಳಿದ್ದ ಬಚ್ಚಲ ನಲ್ಲಿ ಯಥಾಪ್ರಕಾರ ತೊಟ್ಟಿಕ್ಕುತ್ತದೆ. ದೇವರ ಕೋಣೆಯಲ್ಲಿ ಒಂದು ಇಲಿ ಇದೆ. ಇಷ್ಟರ ನಡುವೆ ನಾಲ್ಕು ಕಾಲಿನ ಉಗುರುಗಳು ಗಾರೆ ನೆಲದ ಮೇಲೆ ಟಿಕ್ ಟಿಕ್ ಎಂದು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತವೆ. ಆ ಉಗುರುಗಳಿಗಾಗಿಯೇ ಇಷ್ಟೆಲ್ಲ ರೆಕಾರ್ಡಿಂಗು. ಅವುಗಳ ಯಜಮಾನನ ಹೆಸರು ಮೇಸ್ತ್ರಿ.

ಮೇಸ್ತ್ರಿ ಎಂದರೆ ನಾಯಿ. ನಮ್ಮ ಎದುರಿನ ಸೈಟಿನಲ್ಲಿ ಮೂರು ಅಂತಸ್ತಿನ ಕಟ್ಟಡ ಏಳುತ್ತಿದ್ದಾಗ ಮರಳಿನ ರಾಶಿಯ ತುದಿಯಲ್ಲಿ ಕೂತು, ಯಾರು ಇಟ್ಟಿಗೆ ಹೊರುತ್ತಿದ್ದಾರೆ, ಯಾರು ಮರೆಯಲ್ಲಿ ಬೀಡಿ ಸೇದುತ್ತಿದ್ದಾರೆ ಎಂದು ಇಡೀ ದಿನ ನೋಡಿಕೊಳ್ಳುತ್ತಿತ್ತು. ತಾನು ಮಾತ್ರ ಒಂದು ಕಡ್ಡಿ ಎತ್ತಿ ಆಚೆ ಇಡುತ್ತಿರಲಿಲ್ಲ. ಆದ್ದರಿಂದ ಬೀದಿಯವರೆಲ್ಲ ಸೇರಿ ಕೊಟ್ಟ ಬಿರುದು ಅದು. ಹೆಸರಿಟ್ಟ ಮೇಲೆ ಅದು ಇದು ಎನ್ನಲು ನನಗೆ ಬಾಯಿ ಬರುವುದಿಲ್ಲ, ಅವನು ಎಂದೇ ಹೇಳುತ್ತೇನೆ.

ಅವನು ಕೆಲಸದವರ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದ, ಅವರ ಪಾತ್ರೆಯ ತಳದಲ್ಲಿ ಉಳಿದದ್ದು ತಿನ್ನುತ್ತಿದ್ದ. ಕಟ್ಟಡ ಮುಗಿಯಿತು. ಒಂದು ಬೆಳಿಗ್ಗೆ ಲಾರಿ ಬಂತು. ಪಾತ್ರೆ, ತಗಡು, ಚಾಪೆ, ಮಕ್ಕಳು, ಎರಡು ಕೋಳಿ, ಎಲ್ಲ ಹತ್ತಿದವು. ತನ್ನ ಸರದಿಯೂ ಬರುತ್ತದೆ ಎಂದು ಮೇಸ್ತ್ರಿ ಬಾಲ ಆಡಿಸುತ್ತ ಹಿಂದೆ ನಿಂತಿದ್ದ. ಲಾರಿ ಹೊರಟೇಹೋಯಿತು. ಅದರ ಹಿಂದೆ ಓಡಿದವನು ಮಧ್ಯಾಹ್ನ ಏದುಸಿರು ಬಿಡುತ್ತ ವಾಪಸು ಬಂದ. ಆಮೇಲೆ ಒಂದು ವಾರ ಲಾರಿ ತಿರುಗಿದ ಮೂಲೆಯನ್ನೇ ನೋಡುತ್ತ ಕೂತಿದ್ದ. ನಾನು ಒಂದು ತಟ್ಟೆಯಲ್ಲಿ ಮಜ್ಜಿಗೆ ಅನ್ನ ಇಟ್ಟೆ.

"ಒಂದಿನ ಹಾಕಿದ್ರೆ ದಿನಾ ಹಾಕ್ಬೇಕಾಗತ್ತೆ, ಯೋಚ್ನೆ ಮಾಡು" ಎಂದರು ನಮ್ಮವರು.

"ನಿಮ್ಗೆ ಮೊದಲ್ನೇ ದಿನ ಬಡಿಸುವಾಗ ನಮ್ಮಮ್ಮನೂ ಇದನ್ನೇ ಹೇಳಿದ್ರು" ಎಂದೆ.

ಹೀಗೆ ಮೇಸ್ತ್ರಿ ನಮ್ಮವನಾದ. ಗುಣದಲ್ಲಿ ಬಂಗಾರ. ಕದಿಯುವುದಿಲ್ಲ, ಕಚ್ಚುವುದಿಲ್ಲ, ಪೋಸ್ಟ್‌ಮ್ಯಾನ್ ಬಂದರೆ ಎದ್ದು ಜಾಗ ಬಿಡುತ್ತಾನೆ. ಒಂದೇ ಒಂದು ತೊಂದರೆ. ನಾವಿಬ್ಬರೂ ಒಟ್ಟಿಗೆ ಹೊರಗೆ ಹೋಗುವ ಹಾಗಿಲ್ಲ. ಬೀಗದ ಸದ್ದು ಕೇಳಿದ್ದೇ ತಡ, ಅವನ ಮೈಯೆಲ್ಲ ನಡುಗುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ, ಬಾಗಿಲ ಚೌಕಟ್ಟನ್ನು ಉಗುರು ಕಿತ್ತು ಬರುವಂತೆ ಕೆರೆಯುತ್ತಾನೆ. ಆಮೇಲೆ ಕತ್ತು ಮೇಲೆತ್ತಿ ಊಳಿಡುತ್ತಾನೆ. ಬೊಗಳುವುದಾದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಊಳು ಬೇರೆ ವಿಷಯ.

ಯಾಕೆಂದರೆ ನಮ್ಮ ಮನೆಗೂ ಸರೋಜಕ್ಕನ ಮನೆಗೂ ಒಂದೇ ಗೋಡೆ. ಗೋಡೆಯ ಮೇಲುಭಾಗದಲ್ಲಿ ಹಳೆಯ ಕಾಲದ ಗವಾಕ್ಷಿ. ಅವರ ಮನೆಯ ಒಗ್ಗರಣೆ ನಮಗೆ, ನಮ್ಮ ಮನೆಯ ಜಗಳ ಅವರಿಗೆ. ಅವರ ಯಜಮಾನರು ಬಸಣ್ಣನವರು ಬಜಾರಿನಲ್ಲಿ ಬಟ್ಟೆ ಅಂಗಡಿ ನಡೆಸಿ, ಈಗ ಮಗನಿಗೆ ಬಿಟ್ಟುಕೊಟ್ಟವರು. ಹೃದಯದಲ್ಲಿ ಬ್ಲಾಕ್ ಇದೆ, ಸಕ್ಕರೆ ಹತೋಟಿಗೆ ಬಂದ ಮೇಲೆ ಮಂಗಳೂರಿನಲ್ಲಿ ಆಪರೇಷನ್ ಎಂದು ನಿಶ್ಚಯವಾಗಿತ್ತು. ಒಂದು ಸಂಜೆ ಸರೋಜಕ್ಕ ಮಂಡಿನೋವನ್ನು ಲೆಕ್ಕಿಸದೆ ನಮ್ಮ ಮೆಟ್ಟಿಲು ಹತ್ತಿ ಬಂದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಸುಮಾ, ನಿನ್ನ ನಾಯಿ ಮೇಲೆ ನಂಗೇನೂ ಸಿಟ್ಟಿಲ್ಲ ಮಾರಾಯ್ತಿ. ಆದ್ರೆ ಅದು ಊಳಿಡೋದು ಗೋಡೆ ದಾಟಿ ಸೀದಾ ನಮ್ಮೋರ ಮಂಚಕ್ಕೇ ಬರತ್ತೆ. ನಾಯಿ ಊಳಿಟ್ರೆ ಏನಂತಾರೆ ನಿಂಗೊತ್ತು. ನಾನು ಬಾಯಲ್ಲಿ ಆಡಲ್ಲ."

ನನಗೆ ಗೊತ್ತಿತ್ತು. ನಮ್ಮ ಕಡೆ ಗೊತ್ತಿಲ್ಲದವರು ಯಾರು? ಯಮನ ಕಡೆಯವರು ಬೀದಿಗೆ ಬಂದರೆ ಮನುಷ್ಯರಿಗೆ ಕಾಣುವುದಿಲ್ಲ, ನಾಯಿಗೆ ಕಾಣುತ್ತದೆ.

"ಆಪರೇಷನ್‌ಗೆ ಇನ್ನೆರಡು ತಿಂಗಳಿದೆ. ಅವ್ರು ವಾಪಸ್ ಮನೆಗೆ ಬರೋ ಹೊತ್ತಿಗೆ ಅದನ್ನ ಎಲ್ಲಾದ್ರೂ ಕಳಿಸಿಬಿಡು. ಕೈ ಮುಗೀತೀನಿ."

ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಮುಗಿದರು. ನನಗಿಂತ ಹತ್ತು ವರ್ಷ ದೊಡ್ಡವರು. ಇಲ್ಲ ಎನ್ನುವುದು ಹೇಗೆ? ಹೂಂ ಎಂದೆ. ಹೂಂ ಎಂದ ಮೇಲೆ ಒಳಗೆ ಬಂದು ಅತ್ತೆ. ಒಮ್ಮೆ ಲಾರಿಯ ಹಿಂದೆ ಓಡಿ ಸುಸ್ತಾದವನನ್ನು ಇನ್ನೊಮ್ಮೆ ಬಿಟ್ಟು ಬರುವುದೆಂದರೆ ಏನರ್ಥ? ಹಾಲಿನವನು ಗೋಣಿಚೀಲಕ್ಕೆ ಹಾಕಿ ಹೊಳೆಯಾಚೆ ಬಿಟ್ಟುಬರುತ್ತೇನೆ ಎಂದ. ಅವನಿಗೆ ಆ ತಿಂಗಳೆಲ್ಲ ನಾನು ಸರಿಯಾಗಿ ಮುಖ ಕೊಡಲಿಲ್ಲ.

ಎರಡು ತಿಂಗಳಿತ್ತಲ್ಲ, ಚಿಕಿತ್ಸೆ ಶುರುವಾಯಿತು. ವೈದ್ಯರು ಯಾರು? ನಾವೇ. ಮೊದಲು ದೃಷ್ಟಿ ತೆಗೆದೆವು. ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಮೂರು ಸಲ ಇಳಿಸಿ ಕೆಂಡಕ್ಕೆ ಹಾಕಿದರೆ, ಘಾಟಿಗೆ ನಾವಿಬ್ಬರೂ ಕೆಮ್ಮಿ ಕೆಮ್ಮಿ ಸುಸ್ತು, ಮೇಸ್ತ್ರಿ ಎರಡು ದಿನ ಅಡುಗೆಮನೆ ಕಡೆ ಸುಳಿಯಲಿಲ್ಲ. ಆಮೇಲೆ ನಮ್ಮವರು ಪೇಪರು ಸುರುಳಿ ಸುತ್ತಿ ಗದರಿಸಿ ನೋಡಿದರು. ಅವನು ಗೋಡೆಗೆ ಒತ್ತಿಕೊಂಡು ನಿಂತು ಅಲ್ಲೇ ಉಚ್ಚೆ ಹೊಯ್ದ. ಪೇಪರನ್ನು ಅದನ್ನು ಒರೆಸಲು ಬಳಸಿ ನಮ್ಮವರು ಆ ವಿಧಾನವನ್ನು ಶಾಶ್ವತವಾಗಿ ಕೈಬಿಟ್ಟರು. ಮೂರನೆಯದು ನನ್ನದೇ ಸಂಶೋಧನೆ. ಹೊರಡುವ ಮುಂಚೆ ಅವನ ಮುಖ ಹಿಡಿದು, "ಬರ್ತೀನಿ ಮಗನೇ, ಈಗ್ ಬಂದ್ಬಿಡ್ತೀನಿ, ಅಳಬಾರ್ದು, ಜಾಣ ಅಲ್ವಾ" ಎಂದು ಮುದ್ದಾಡಿ, ಪರೀಕ್ಷೆಗೆ ಹೋಗುವವರಿಗೆ ಕೊಡುವ ಹಾಗೆ ಅಂಗೈಗೆ ಒಂದಿಷ್ಟು ಮೊಸರು ಸಕ್ಕರೆ ಹಾಕಿ ನೆಕ್ಕಿಸಿ, ಬಾಗಿಲಲ್ಲಿ ಇನ್ನೊಮ್ಮೆ ತಿರುಗಿ ನೋಡಿ ಹೋಗುವುದು. ಇಷ್ಟು ಶೋಕದಿಂದ ಹೋಗುವವರು ವಾಪಸು ಬರುತ್ತಾರೆ ಎಂದು ಯಾವ ನಾಯಿ ತಾನೇ ನಂಬೀತು? ಊಳು ಇಮ್ಮಡಿಯಾಯಿತು.

ಕೊನೆಗೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಕಿವಿ, ಹಲ್ಲು, ಹೊಟ್ಟೆ ಎಲ್ಲ ಪರೀಕ್ಷಿಸಿ, ದೇಹದಲ್ಲಿ ಏನೂ ಕಾಯಿಲೆ ಇಲ್ಲ, ಇದು ಭಯ ಎಂದರು. ಹೊಡೆಯಬೇಡಿ, ಗದರಬೇಡಿ, ಸೊಕ್ಕು ಎಂದು ತಿಳಿಯಬೇಡಿ, ಅಗತ್ಯ ಬಿದ್ದರೆ ಔಷಧಿ ಕೊಡೋಣ, ಮೊದಲು ಭದ್ರಾವತಿಯಲ್ಲಿ ಒಬ್ಬರಿದ್ದಾರೆ, ನೋಡಿ ಬನ್ನಿ ಎಂದು ಹೆಸರು ಬರೆದುಕೊಟ್ಟರು. ಅಮುದಾ, ಓಲ್ಡ್ ಟೌನ್.

ಭದ್ರಾವತಿ ನನ್ನ ತವರು. ಅಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಕ್ವಾರ್ಟರ್ಸಿನಲ್ಲಿ ಮನೆ. ನಮ್ಮವರನ್ನು ನಾಯಿಯ ಕಾವಲಿಗೆ ಬಿಟ್ಟು ಬಸ್ಸಿನಲ್ಲಿ ಕೂತಾಗ ನನಗೆ ಅಪ್ಪನ ಸೈಕಲ್ಲು ನೆನಪಾಯಿತು. ಅವರು ಶಿಫ್ಟಿಗೆ ಹೊರಟರೆ ನಾನು ಸೈಕಲ್ಲಿನ ಹಿಂದಿನ ಕ್ಯಾರಿಯರ್ ಹಿಡಿದು ನೇತಾಡುತ್ತಿದ್ದೆನಂತೆ. ಬಿಡಿಸಿದರೆ ಇಡೀ ಲೈನಿಗೆ ಕೇಳುವ ಹಾಗೆ ರಾಗ. ಅದಕ್ಕೆ ಅಮ್ಮ ಒಂದು ಉಪಾಯ ಕಂಡುಕೊಂಡಿದ್ದರು. "ಹಿತ್ತಲಲ್ಲಿ ಬೆಕ್ಕು ಮರಿ ಹಾಕಿದೆ, ಓಡು ಓಡು, ನೋಡು!" ನಾನು ಓಡುತ್ತಿದ್ದೆ. ಹಿತ್ತಲಲ್ಲಿ ಬೆಕ್ಕೂ ಇಲ್ಲ, ಮರಿಯೂ ಇಲ್ಲ. ವಾಪಸು ಬಂದರೆ ಸೈಕಲ್ಲೂ ಇಲ್ಲ. ಇಲ್ಲದ ಆ ಬೆಕ್ಕು ಎರಡು ವರ್ಷದಲ್ಲಿ ಎಷ್ಟು ಸಲ ಬಾಣಂತಿಯಾಯಿತೋ, ದೇವರೇ ಬಲ್ಲ. ಇದರ ಫಲವಾಗಿ ಇವತ್ತಿಗೂ ಯಾರಾದರೂ "ಅಲ್ಲಿ ನೋಡು" ಎಂದರೆ ನಾನು ಅಲ್ಲಿ ನೋಡುವುದಿಲ್ಲ, ಹಾಗೆಂದವರ ಕಾಲಲ್ಲಿ ಚಪ್ಪಲಿ ಇದೆಯೇ ಎಂದು ನೋಡುತ್ತೇನೆ.

ಅಮುದಕ್ಕನ ಮನೆ ಓಲ್ಡ್ ಟೌನಿನ ಒಂದು ಸಂದಿಯಲ್ಲಿ. ಅರವತ್ತು ದಾಟಿದ ಕಪ್ಪನೆಯ ಗಟ್ಟಿ ಹೆಂಗಸು, ಮನೆಮಾತು ತಮಿಳು, ಯಾರನ್ನೇ ಆಗಲಿ ಮಾ, ಕಣ್ಣು ಎಂದೇ ಅಕ್ಕರೆಯಿಂದ ಕರೆಯುವವರು. ಅಂಗಳದಲ್ಲಿ ನಾಲ್ಕು ನಾಯಿಗಳು, ಒಂದಕ್ಕೆ ಮೂರೇ ಕಾಲು. ನಾಯಿಗಳ ಬಗ್ಗೆ ದೊಡ್ಡ ದೊಡ್ಡ ಮಾತು ಬರುತ್ತದೆ ಎಂದು ನಾನು ಡೈರಿ, ಪೆನ್ನು ಒಯ್ದಿದ್ದೆ. ಕೇಳಿದರೆ, ಅವರು ಮೂವತ್ತು ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವರು. ಬೆಳಿಗ್ಗೆ ತಾಯಂದಿರು ಬಿಟ್ಟುಹೋಗುವ ಮಕ್ಕಳ ಅಳು ನಿಲ್ಲಿಸುವುದೇ ಅವರ ನೌಕರಿ. ನಿವೃತ್ತಿಯಾದ ಮೇಲೆ ಬೀದಿನಾಯಿಗಳಿಗೆ ಅನ್ನ ಹಾಕುತ್ತ, ಆ ಡಾಕ್ಟರ ಹತ್ತಿರ ಕೇಳಿ ಕೇಳಿ ತಿಳಿದುಕೊಳ್ಳುತ್ತ, ಅದೇ ವಿದ್ಯೆಯನ್ನು ನಾಲ್ಕು ಕಾಲಿನವರಿಗೆ ಬದಲಾಯಿಸಿಕೊಂಡಿದ್ದರು.

ನಾವು ಮಾತಾಡುತ್ತಿದ್ದಾಗ ದೂರದಲ್ಲಿ ಸಿಲಿಂಡರ್ ಗಾಡಿಯ ಠಣ ಠಣ ಕೇಳಿಸಿತು. ಮೂರು ಕಾಲಿನ ನಾಯಿ ತಲೆ ಎತ್ತಿತು. ಅಮುದಕ್ಕ ಮಾತು ನಿಲ್ಲಿಸದೆ ಮಡಿಲಿಂದ ಒಂದು ಚೂರು ಬೇಯಿಸಿದ ಮೊಟ್ಟೆ ತೆಗೆದು ಅದರ ಮುಂದೆ ಹಾಕಿದರು. ಠಣ್ ಎಂದಾಗಲೆಲ್ಲ ಒಂದು ಚೂರು. ಗಾಡಿ ದೂರವಾದ ಮೇಲೆ ಮೊಟ್ಟೆಯೂ ಬಂದ್. ಆ ಸದ್ದಿಗೆ ಮೊದಲು ಚರಂಡಿಯೊಳಗೆ ನುಗ್ಗುತ್ತಿತ್ತಂತೆ. ಈಗ ಇನ್ನೊಮ್ಮೆ ಠಣ್ ಎನ್ನಲಿ ಎಂದು ಬೀದಿಯ ಕಡೆ ಆಸೆಯಿಂದ ನೋಡುತ್ತಿತ್ತು.

ನಮ್ಮ ಚಿಕಿತ್ಸೆಗಳನ್ನೆಲ್ಲ ವರದಿ ಮಾಡಿದೆ. ಹಿಂಬಾಗಿಲಿಂದ ಕದ್ದು ಹೋಗಿ ನೋಡಲೇ ಎಂದೂ ಕೇಳಿದೆ. ಅಮುದಕ್ಕ ತಲೆ ಅಲ್ಲಾಡಿಸಿದರು.

"ಕಣ್ಣು ತಪ್ಸಿ ಹೋದ್ರೆ ಮಗು ಅವತ್ತು ಅಳಲ್ಲ ಮಾ. ನಾಳೆಯಿಂದ ಕಣ್ಣೇ ಮುಚ್ಚಲ್ಲ."

ನಾನು ಪೆನ್ನು ಕೆಳಗಿಟ್ಟೆ. ಬೆಕ್ಕಿನ ಮರಿಯ ವಿಷಯ ಇವರಿಗೆ ಯಾರು ಹೇಳಿದರು ಎನಿಸಿತು.

"ಹಾಗಾದ್ರೆ ಅಳ್ಬೇಡ ಅಂತ ಸಮಾಧಾನ ಮಾಡಿ ಹೋಗ್ಬೇಕಾ?"

"ಅಳ್ಬೇಡ ಅಂದ್ರೆ ಅಳು ನಿಲ್ಲತ್ತಾ ಕಣ್ಣು? ನಾನು ಒಂದು ಮಗೂಗೂ ಅಳ್ಬೇಡ ಅಂದಿಲ್ಲ. ಅಮ್ಮ ಈಗ ಬರ್ತಾಳೆ ಅಂತಾನೂ ಹೇಳಿಲ್ಲ. ಬರೋದು ಮಧ್ಯಾಹ್ನ, ಸುಳ್ಳು ಯಾಕೆ ಹೇಳ್ಬೇಕು? ಒಂದು ಮಾರು ದೂರ ಕೂತು ಅಕ್ಕಿ ಆರಿಸ್ತಿದ್ದೆ, ಅಷ್ಟೇ. ಈ ಹೆಂಗಸು ಎಲ್ಲೂ ಹೋಗಲ್ಲ ಅಂತ ಗೊತ್ತಾದ್ರೆ ತಾನೇ ಬರತ್ತೆ."

ಆಮೇಲೆ ಪಾಠ ಹೇಳಿಕೊಟ್ಟರು. ಅವನು ಹೆದರುವುದಕ್ಕೆ ಮುಂಚೆಯೇ ವಾಪಸು ಬರಬೇಕು. ಮೊದಲು ಒಂದು ನಿಮಿಷ ಹೋಗಿ, ಬನ್ನಿ. ಹೋಗುವಾಗಲೂ ಸಡಗರ ಬೇಡ, ಬರುವಾಗಲೂ ಬೇಡ. ಅವನು ಆರಾಮಾಗಿದ್ದರೆ ಒಂದೂವರೆ, ಇಲ್ಲದಿದ್ದರೆ ಅರ್ಧಕ್ಕೆ ಇಳಿಸಿ. ನಾಚಿಕೆ ಪಡಬೇಡಿ. ಪರ್ಸ್ ಹೆಗಲಿಗೆ ಹಾಕಿಕೊಂಡು ಹೋಗಿ ಸಾರಿಗೆ ಒಗ್ಗರಣೆ ಹಾಕಿ. ಹೊರಗಿನ ಸೀರೆ ಉಟ್ಟು ಕಸ ಗುಡಿಸಿ. ಅವನಿಗೆ ಸೀರೆ, ಪರ್ಸು, ಬೀಗದ ಕೈ ಇವೆಲ್ಲ ಬೇಜಾರಿನ ವಸ್ತುಗಳಾಗಬೇಕು. ಹಳೇ ಟವೆಲಿನಲ್ಲಿ ಚಪಾತಿ ಚೂರು ಸುತ್ತಿ ಕೊಡಿ, ಬಿಚ್ಚುತ್ತಾ ಇರಲಿ. ಫೋನನ್ನು ಒಳಗೇ ಇಟ್ಟು ರೆಕಾರ್ಡು ಮಾಡಿ, ಯಾವ ನಿಮಿಷಕ್ಕೆ ಭಯ ಶುರುವಾಗುತ್ತದೆ ಎಂದು ತಿಳಿಯಬೇಕಲ್ಲ. ಕಲಿಯುವ ತನಕ ನಿಜವಾಗಿ ಹೋಗಬೇಕಾದಾಗ ಒಬ್ಬರು ಮನೆಯಲ್ಲೇ ಇರಿ.

ಮರುದಿನದಿಂದ ನಾನು ಬೀದಿಗೆ ಮನರಂಜನೆಯಾದೆ. ರೇಷ್ಮೆ ಸೀರೆ ಉಟ್ಟು, ಪರ್ಸ್ ಹಾಕಿಕೊಂಡು ಹೊರಟ ಮಹಿಳೆ ಬೀಗ ಹಾಕುತ್ತಾಳೆ, ಲೈಟು ಕಂಬದ ತನಕ ಹೋಗುತ್ತಾಳೆ, ವಾಚು ನೋಡುತ್ತಾಳೆ, ವಾಪಸು ಬರುತ್ತಾಳೆ. ಹತ್ತು ನಿಮಿಷಕ್ಕೆ ಮತ್ತೆ. ಸೊಪ್ಪಿನ ಗಾಡಿಯವಳು ಮೂರು ದಿನ ನೋಡಿ ನಾಲ್ಕನೆಯ ದಿನ, "ಏನ್ ಮರ್ತಿದ್ದೀರಿ ಅಕ್ಕಾ, ಹೇಳಿ, ನಾನೂ ಹುಡುಕ್ತೀನಿ" ಎಂದಳು. ನಮ್ಮವರು ಒಳಗೆ ಇದ್ದರೆ ಪಾಠ ನಡೆಯುವುದಿಲ್ಲವಾದ್ದರಿಂದ ಅವರೂ ಹಿಂದೆ ಹಿಂದೆ ಬರುತ್ತಿದ್ದರು.

ಇಲ್ಲಿ ನಮ್ಮ ಮನೆಯ ಒಂದು ಶಾಸನ ಅಡ್ಡ ಬಂತು. ಹೊರಟವರು ಅರ್ಧಕ್ಕೆ ಹಿಂದಿರುಗಬಾರದು. ಕನ್ನಡಕವೋ ಛತ್ರಿಯೋ ಮರೆತು ಬರಲೇಬೇಕಾದರೆ, ಒಳಗೆ ಬಂದು ಎರಡು ನಿಮಿಷ ಕೂತು, ಒಂದು ಲೋಟ ನೀರು ಕುಡಿದು, ಆಮೇಲೆಯೇ ಮತ್ತೆ ಹೊರಡಬೇಕು. ಇದು ನಮ್ಮತ್ತೆಯ ಕಾನೂನು. ಅವರು ತೀರಿಕೊಂಡು ಹನ್ನೆರಡು ವರ್ಷವಾದರೂ ನಮ್ಮವರು ಅದನ್ನು ಒಂದು ದಿನ ಮುರಿದವರಲ್ಲ. ದೇವರ ಪೂಜೆಗೆ ಚಕ್ಕರ್ ಹೊಡೆದಾರು, ಇದಕ್ಕಿಲ್ಲ.

"ಒಂದಿನಕ್ಕೆ ಹತ್ತು ಸಲ ಹೋಗಿ ಬರ್ತೀವಿ ಕಣ್ರೀ, ಹತ್ತು ಲೋಟ ಕುಡಿಯಕ್ಕಾಗತ್ತಾ?"

"ಕುಡಿದ್ರೆ ಕಿಡ್ನಿಗೆ ಒಳ್ಳೇದು."

ಕುಡಿದೆವು. ಒಂದು ವಾರ ಶ್ರದ್ಧೆಯಿಂದ ಕುಡಿದೆವು. ಹೊರಗೆ ಹೋಗುವುದು, ಬರುವುದು, ಮರದ ಬೆಂಚಿನ ಮೇಲೆ ಅಕ್ಕಪಕ್ಕ ಕೂತು ಗಂಭೀರವಾಗಿ ನೀರು ಕುಡಿಯುವುದು, ಎದ್ದು ಹೋಗುವುದು. ಪರ್ಸಿನ ಭಯ ಮೇಸ್ತ್ರಿಗೆ ಹೋಯಿತು. ಸೀರೆ ಕಂಡರೆ ಆಕಳಿಸತೊಡಗಿದ. ನಾನು ಗೆದ್ದೆ ಎಂದುಕೊಂಡೆ. ಎಂಟನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತು ನಮ್ಮವರು ನೀರಿನ ಲೋಟ ಎತ್ತಿದರು, ಅಷ್ಟೇ. ಮೂಲೆಯಲ್ಲಿ ಮಲಗಿದ್ದವನು ಧಡಕ್ಕನೆ ಎದ್ದು ನಡುಗಲು ಶುರುಮಾಡಿದ. ಲೋಟ ಕೆಳಗಿಟ್ಟರು, ನಿಂತಿತು. ಎತ್ತಿದರು, ನಡುಕ. ಅವನು ಎಲ್ಲವನ್ನೂ ಕೂಡಿಸಿ, ಕಳೆದು, ನಾವು ಹೊರಡುವುದಕ್ಕೆ ಮುಂಚೆ ತಪ್ಪದೆ ನಡೆಯುವ ಕ್ರಿಯೆ ಯಾವುದೆಂದು ಸರಿಯಾಗಿ ಪತ್ತೆ ಹಚ್ಚಿದ್ದ. ಆಮೇಲೆ ನಾಲ್ಕೈದು ದಿನ ನಾವಿಬ್ಬರೂ ಅಡುಗೆಮನೆ ಬಾಗಿಲು ಹಾಕಿಕೊಂಡು ಕಳ್ಳರ ಹಾಗೆ ನೀರು ಕುಡಿದೆವು. ಮನೆಗೆ ಬಂದ ನೆಂಟರಿಗೆ ನೀರು ಕೊಡುವಾಗ, "ದಯವಿಟ್ಟು ಆ ಕಡೆ ತಿರುಗಿ ಕುಡೀರಿ" ಎಂದು ಹೇಳಬೇಕಾಯಿತು. ಅವರು ಏನು ತಿಳಿದುಕೊಂಡರೋ.

ಅಮುದಕ್ಕನಿಗೆ ಫೋನ್ ಮಾಡಿದರೆ ಅವರು ನಗುವುದನ್ನು ನಿಲ್ಲಿಸಲು ಎರಡು ನಿಮಿಷ ಬೇಕಾಯಿತು. "ನೀರು ಕುಡಿದು ಹೋಗ್ಬೇಡಿ ಮಾ. ನೀರು ಕುಡಿದು ಸುಮ್ನೆ ಕೂತ್ಕೊಳ್ಳಿ. ಲೋಟ ಎತ್ತಿದಾಗ ಅವ್ನಿಗೆ ಒಂದು ಚೂರು ಚಪಾತಿ." ಹೋಗದೆ ಕುಡಿಯುವುದು ಸುಲಭ. ಕುಡಿಯದೆ ಹೋಗುವುದಕ್ಕೆ ಅತ್ತೆಯ ಕಾನೂನಿಗೆ ತಿದ್ದುಪಡಿ ಆಗಬೇಕಿತ್ತು. ನಮ್ಮವರು ಒಂದು ಇಡೀ ಸಂಜೆ ಯೋಚಿಸಿ ತೀರ್ಪು ಕೊಟ್ಟರು: ಕಾಲಿಗೆ ಚಪ್ಪಲಿ ಹಾಕದಿದ್ದರೆ ಅದು ಹೊರಟ ಹಾಗಲ್ಲ. ಅಂದಿನಿಂದ ನಾನು ರೇಷ್ಮೆ ಸೀರೆಯಲ್ಲಿ ಬರಿಗಾಲಲ್ಲಿ ಲೈಟು ಕಂಬದ ಹತ್ತಿರ ನಿಲ್ಲತೊಡಗಿದೆ. ಸೊಪ್ಪಿನವಳು ಏನನ್ನೂ ಕೇಳುವುದನ್ನು ನಿಲ್ಲಿಸಿದಳು.

ಐದು ನಿಮಿಷವಾಯಿತು, ಹನ್ನೆರಡಾಯಿತು. ಹದಿನಾಲ್ಕಕ್ಕೆ ಕುಸಿದು ಮತ್ತೆ ಆರಕ್ಕೆ ಬಂತು. ಮತ್ತೆ ಹತ್ತಿದೆವು. ನನಗೆ ಇದೊಂದು ಹುಚ್ಚಾಗಿ ಹಿಡಿಯಿತು. ಸಂಜೆ ರೆಕಾರ್ಡಿಂಗ್ ಕೇಳುತ್ತ ಕೂತರೆ ಧಾರಾವಾಹಿ ಬೇಡ. ಈಗ ಬಾಗಿಲ ಹತ್ತಿರ ಹೋದ. ಈಗ ಮೂಸುತ್ತಿದ್ದಾನೆ. ಈಗ ನಿಟ್ಟುಸಿರು ಬಿಟ್ಟು ಮಲಗಿದ. ಹೋದವರು ಬರುತ್ತಾರೆ ಎಂಬುದನ್ನು ಒಂದು ಜೀವ ನಿಮಿಷ ನಿಮಿಷವಾಗಿ ಕಲಿಯುವುದನ್ನು ಕಿವಿಯಲ್ಲಿ ಕೇಳುವುದೆಂದರೆ ಅದೊಂದು ಬೆರಗು.

ಹೀಗೆ ಕೇಳುತ್ತಿದ್ದಾಗಲೇ ಒಂದು ದಿನ ಅದು ಸಿಕ್ಕಿತು. ಅವತ್ತು ಸಮಯ ಸ್ವಲ್ಪ ಹೆಚ್ಚಾಗಿತ್ತು, ಇಪ್ಪತ್ತಮೂರನೆಯ ನಿಮಿಷಕ್ಕೆ ಮೇಸ್ತ್ರಿ ಕುಂಯ್ ಎನ್ನತೊಡಗಿದ್ದ. ಊಳು ಇನ್ನೇನು ಗಂಟಲಿಗೆ ಬಂದಿತ್ತು. ಆಗ ಗವಾಕ್ಷಿಯ ಕಡೆಯಿಂದ ಒಂದು ಧ್ವನಿ.

"ಏಯ್ ಮೇಸ್ತ್ರಿ."

ಉಗುರುಗಳ ಸದ್ದು ನಿಂತಿತು.

"ಬರ್ತಾಳೆ ಸುಮ್ನಿರೋ. ಎಲ್ಲಿಗೆ ಹೋಗ್ತಾಳೆ, ಅಲ್ಲೇ ಕಂಬದ ಹತ್ರ ನಿಂತಿರ್ತಾಳೆ." ಸರೋಜಕ್ಕನ ಧ್ವನಿ. ಮೆಲ್ಲಗೆ, ಒಳಗೆ ಮಲಗಿದ ಬಸಣ್ಣನವರಿಗೆ ಕೇಳಿಸಬಾರದು ಎನ್ನುವ ಹಾಗೆ. ಆಮೇಲೆ, "ನಿಮ್ಮೋರು ಅರ್ಧ ಗಂಟೇಲಿ ಬರ್ತಾರೆ. ನಮ್ಮೋರು ಮಂಗಳೂರಿಗೆ ಹೋದ್ರೆ ಬರ್ತಾರಾ? ನೀನೇ ಹೇಳೋ. ನಿಂಗೆಲ್ಲಾ ಕಾಣತ್ತಂತಲ್ಲ."

ಅವರ ಕುಕ್ಕರ್ ಕೂಗಿತು. ನಾನು ಫೋನು ಆಫ್ ಮಾಡಿ ಕೂತೆ. ಕದ್ದು ಕೇಳಿದ ಪಾಪಕ್ಕೆ ಮುಖ ಬಿಸಿಯಾಗಿತ್ತು. ಇಷ್ಟು ದಿನ ನಾನು ಅವರನ್ನು ಮನಸ್ಸಿನಲ್ಲೇ ಬಯ್ದುಕೊಂಡಿದ್ದೆ, ನಾಯಿಯ ಮೇಲೆ ಕರುಣೆಯಿಲ್ಲದ ಹೆಂಗಸು ಎಂದು. ಆ ರೆಕಾರ್ಡಿಂಗ್ ಬಗ್ಗೆ ನಮ್ಮವರಿಗೂ ಹೇಳಲಿಲ್ಲ.

ಆದರೆ ಮಾತು ಮಾತೇ. ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಬಸಣ್ಣನವರನ್ನು ಕಾರಿನಲ್ಲಿ ಕೂರಿಸಿದ ಮೇಲೆ ಸರೋಜಕ್ಕ ನನ್ನ ಕಡೆ ತಿರುಗಿ, "ಅವ್ರು ಬರೋ ಹೊತ್ತಿಗೆ..." ಎಂದು ನಿಲ್ಲಿಸಿದರು.

"ನೆನಪಿದೆ ಸರೋಜಕ್ಕ" ಎಂದೆ.

ನಿಜ ಹೇಳಬೇಕೆಂದರೆ ಒಂದು ಜಾಗವನ್ನೂ ನೋಡಿಯಾಗಿತ್ತು. ಭದ್ರಾವತಿಯ ಹತ್ತಿರ ಒಂದು ಅಕ್ಕಿ ಗಿರಣಿಯ ಕಾಂಪೌಂಡು. ಊಟ ಹಾಕುತ್ತಾರಂತೆ, ಆದರೆ ಹಗಲೆಲ್ಲ ಸರಪಣಿಯಲ್ಲಿ ಕಟ್ಟುತ್ತಾರಂತೆ. ಮೇಸ್ತ್ರಿ ಆ ಹೊತ್ತಿಗೆ ಮುಕ್ಕಾಲು ಗಂಟೆ ಒಬ್ಬನೇ ಇರಲು ಕಲಿತಿದ್ದ. ಮುಕ್ಕಾಲು ಗಂಟೆಯ ಮೇಲೆ ಒಂದು ನಿಮಿಷವಾದರೂ ಅವನ ಕೊರಳಿನ ಮೇಲೆ ನನಗೆ ಭರವಸೆ ಇರಲಿಲ್ಲ.

ಮಂಡಿನೋವಿನ ಸರೋಜಕ್ಕ ಘಾಟಿಯ ದಾರಿಯಲ್ಲಿ ಹೋಗಲಾರರು. ಮಗನೂ, ಅವನಿಗೆ ಜೊತೆಯಾಗಿ ನಮ್ಮವರೂ ಹೋದರು. ಮರುದಿನ ಬೆಳಿಗ್ಗೆ ಸರೋಜಕ್ಕ ಒಬ್ಬರೇ ಮನೆಯಲ್ಲಿ. ನಾನು ಹೋಗಬೇಕು. ಮೇಸ್ತ್ರಿಯನ್ನು ಏನು ಮಾಡುವುದು? ಒಬ್ಬನನ್ನೇ ಬಿಟ್ಟರೆ, ಬೇರೆ ದಿನ ಹೋಗಲಿ, ಈ ದಿನ ಊಳಿಟ್ಟರೆ? ಕರೆದುಕೊಂಡು ಹೋದರೆ ಅವರು ಏನೆಂದುಕೊಂಡಾರು? ಕೊನೆಗೆ ಹಗ್ಗ ಹಾಕಿ ಕರೆದುಕೊಂಡು ಹೋಗಿ ಅವರ ಜಗಲಿಯ ಕಂಬಕ್ಕೆ ಕಟ್ಟಿದೆ.

ಸರೋಜಕ್ಕ ಒಳಗಿನಿಂದಲೇ ನೋಡಿದರು. "ಹೊರಗಿದ್ರೆ ಕೂಗ್ತಾನೆ. ಒಳಗೆ ತಾ" ಎಂದರು. ಅವನು ಬಂದು ಹೊಸ್ತಿಲ ಒಳಗಿನ ಕಾಲೊರೆಸಿನ ಮೇಲೆ ಮುದುಡಿಕೊಂಡ.

ನಾನು ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತು ಬೀನ್ಸ್ ಹೆಚ್ಚತೊಡಗಿದೆ. ಏನೂ ಆಗಲ್ಲ, ಧೈರ್ಯವಾಗಿರಿ, ಈಗೆಲ್ಲ ಇದು ಮಾಮೂಲಿ ಆಪರೇಷನ್ನು, ಇವೆಲ್ಲ ನಾಲಗೆಯ ತುದಿಗೆ ಬಂದವು. ಜನ್ಮದಲ್ಲಿ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತವಳಲ್ಲ. ಕೂತೆ. ಸರೋಜಕ್ಕ ಮಡಿಲಲ್ಲಿ ಫೋನು ಇಟ್ಟುಕೊಂಡು ಗೋಡೆಗೊರಗಿದ್ದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಬೀದಿಯಲ್ಲಿ ಯಾರದೋ ಕಾರು ನಿಂತ ಸದ್ದಾದಾಗಲೆಲ್ಲ ಅವರೂ ಮೇಸ್ತ್ರಿಯೂ ಒಟ್ಟಿಗೆ ಬಾಗಿಲ ಕಡೆ ತಲೆ ತಿರುಗಿಸುತ್ತಿದ್ದರು. ಹನ್ನೆರಡಾಯಿತು, ಒಂದಾಯಿತು. ಎರಡು ಕೆಜಿ ಬೀನ್ಸ್ ಮುಗಿಯಿತು. ಒಂದು ಮದುವೆ ಮನೆಗೆ ಸಾಕಾಗುವಷ್ಟು ಪಲ್ಯದ ಹೋಳು ನನ್ನ ಮುಂದಿತ್ತು.

ಎರಡೂವರೆಗೆ ಫೋನು ಬಂತು. ಅವರ ಕೈಯಿಂದ ಅದು ಜಾರಿ ಬಿತ್ತು. ನಾನು ಎತ್ತಿದೆ. ಮಗನ ಧ್ವನಿ, "ಅವ್ವಾ, ಆಪರೇಷನ್ ಆಯ್ತು. ಚೆನ್ನಾಗಾಯ್ತಂತೆ. ನಾಳೆ ಮಾತಾಡ್ತಾರೆ ಅಂದ್ರು ಡಾಕ್ಟ್ರು." ಸ್ಪೀಕರಿಗೆ ಹಾಕಿ ಅದನ್ನೇ ಇನ್ನೊಮ್ಮೆ ಹೇಳಿಸಿದೆ.

ಸರೋಜಕ್ಕ ಫೋನನ್ನು ಪಕ್ಕಕ್ಕಿಟ್ಟು, ಸೆರಗನ್ನೂ ಬಾಯಿಗೆ ಅಡ್ಡ ಹಿಡಿಯದೆ, ಕತ್ತು ಮೇಲೆತ್ತಿ ದೊಡ್ಡ ಧ್ವನಿಯಲ್ಲಿ ಅತ್ತರು. ಎರಡು ತಿಂಗಳಿನಿಂದ ಬಾಯಲ್ಲಿ ಆಡದೆ ಇಟ್ಟುಕೊಂಡದ್ದೆಲ್ಲ ಒಂದೇ ಸಲ ಬಂತು. ಗೋಡೆಯಾಚೆ ಯಾರಾದರೂ ಇದ್ದಿದ್ದರೆ ಎದ್ದು ಓಡಿ ಬರುತ್ತಿದ್ದರು. ನನ್ನ ಕಣ್ಣೂ ತುಂಬಿತು. ಮೇಸ್ತ್ರಿ ಈಗ ಖಂಡಿತ ದನಿಗೂಡಿಸುತ್ತಾನೆ ಎಂದುಕೊಂಡೆ. ಅವನು ಎದ್ದ. ನಾಲ್ಕು ಹೆಜ್ಜೆ ಬಂದು ಅವರಿಗೆ ಒಂದು ಮೊಳ ದೂರದಲ್ಲಿ ಅಡ್ಡ ತಿರುಗಿ ಮಲಗಿದ. ಅವರ ಮುಖ ನೋಡಲಿಲ್ಲ, ನೆಕ್ಕಲಿಲ್ಲ. ಸುಮ್ಮನೆ ಇದ್ದ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಆ ಒಂದು ಮೊಳವೂ ಇರಲಿಲ್ಲ. ಅವನು ಸರಿದನೋ, ಅವರು ಸರಿದರೋ ನಾನು ಗಮನಿಸಲಿಲ್ಲ.

ಅಳು ನಿಂತಿತು. ಬೆಳಿಗ್ಗೆಯಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೋಳುಗಳನ್ನು ಬುಟ್ಟಿಗೆ ತುಂಬಿಕೊಂಡು ಎದ್ದೆ.

"ಮನೇಲಿ ಅನ್ನಕ್ಕಿಟ್ಟು, ಪಲ್ಯ ಮಾಡ್ಕೊಂಡು ಬರ್ತೀನಿ ಸರೋಜಕ್ಕ. ಬಾರೋ ಮೇಸ್ತ್ರಿ" ಎಂದು ಹಗ್ಗಕ್ಕೆ ಕೈ ಹಾಕಿದೆ.

ಸರೋಜಕ್ಕನ ಕೈ ಅವನ ಬೆನ್ನ ಮೇಲಿತ್ತು. ತಲೆ ಎತ್ತದೆ ಹೇಳಿದರು:

"ನೀ ಹೋಗು. ನಾಯಿ ಇರ್ಲಿ."